ಮೇಲ್ಮಣ್ಣು

ಮಣ್ಣು ಕೊರೆಯುವ ಆಗರ್ ಅರ್ಧಕ್ಕೇ ನಿಂತಿತು.

ಪ್ರಾಚಿ ಹಿಡಿಯ ಮೇಲೆ ಮೈಭಾರವನ್ನೆಲ್ಲ ಹಾಕಿ ತಿರುವಿದಳು. ಒಂದು ಮೊಳದವರೆಗೆ ಸಲೀಸಾಗಿ ಇಳಿದಿದ್ದ ಕಬ್ಬಿಣದ ಸುರುಳಿ ಅಲ್ಲಿಂದಾಚೆ ಒಂದು ಬೆರಳಿನಷ್ಟೂ ಒಳಗೆ ಹೋಗಲೊಲ್ಲದು. ಅಂಗೈ ಉರಿಯತೊಡಗಿತು.

“ಕಲ್ಲ ಇರಬೇಕ್ರಿ ಮ್ಯಾಡಮ್. ಬಾಜೂಕ ಹಾಕಿ ನೋಡ್ರಿ,” ಎಂದ ಗಜಾನನ. ಅವನು ಗಣಿ ಕಂಪನಿಯ ಎಂಜಿನಿಯರು. ಛತ್ರಿ ಹಿಡಿದು ಅವಳ ಹಿಂದೆಯೇ ತಿರುಗುತ್ತಿದ್ದ. ನೆರಳು ಮಾತ್ರ ಅವನ ಮೇಲೇ ಬೀಳುತ್ತಿತ್ತು.

“ಇದು ಮೂರನೇ ಜಾಗ.”

“ಮೂರೂ ಕಡೆ ಕಲ್ಲ ಇರಬೌದಲ್ರಿ.”

“ಇರಬೌದು,” ಎಂದಳು ಪ್ರಾಚಿ.

ಕಲ್ಲಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬೀಡಿ ಊರಿನ ಆಚೆ, ಕಾಡಿನ ಅಂಚಿನಲ್ಲಿದ್ದ ಈ ಜಮೀನಿನಿಂದ ಕಂಪನಿ ಕೆಲವು ವರ್ಷ ಬಾಕ್ಸೈಟ್ ತೆಗೆದಿತ್ತು. ಅಗೆಯುವ ಮೊದಲು ಮೇಲಿನ ಮಣ್ಣನ್ನು ಕೆರೆದು ಒಂದು ಕಡೆ ರಾಶಿ ಹಾಕುವುದು. ಅದಿರು ಮುಗಿದ ಮೇಲೆ ಗುಂಡಿ ತುಂಬಿ, ಅದೇ ಮಣ್ಣನ್ನು ಮತ್ತೆ ಮೇಲೆ ಹಾಸುವುದು. ಆಮೇಲೆ ಜಮೀನನ್ನು ಅದರ ಒಡೆಯರಿಗೆ ಒಪ್ಪಿಸುವುದು. ಕರಾರು ಹಾಗಿತ್ತು. ಹಾಸಿದ ಮಣ್ಣು ನಿಜಕ್ಕೂ ಹೊಲವಾಗಿದೆಯೇ ಎಂದು ನೋಡಿ ಹೇಳುವುದು ಮಣ್ಣು ತಜ್ಞೆಯಾಗಿದ್ದ ಪ್ರಾಚಿಯ ಕೆಲಸ. ಅದಕ್ಕಾಗಿ ಅವಳು ಮೂರು ಮಳೆಗಾಲ ಇಲ್ಲಿ ಗೋವಿನಜೋಳ ಬೆಳೆಸಿದ್ದಳು. ಬದುವಿನಾಚೆ, ಯಾರೂ ಅಗೆಯದ ಹೊಲದಲ್ಲೂ ಅದೇ ಬೀಜ, ಅದೇ ಗೊಬ್ಬರ. ಈ ವರ್ಷ ಎರಡೂ ಕಡೆಯ ತೆನೆಗಳನ್ನು ತೂಗಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗಲಿಲ್ಲ.

ಮೇಲೆ ಎಲ್ಲ ಸರಿ ಇತ್ತು. ಕೆಳಗೆ ಮಾತ್ರ, ಬುಲ್ಡೋಜರುಗಳು ಹಿಂದೆ ಮುಂದೆ ಓಡಾಡಿ ತುಳಿದ ಪದರ ಗಚ್ಚಿನಂತೆ ಗಟ್ಟಿಯಾಗಿತ್ತು. ಬೇರು ಅಲ್ಲಿಯವರೆಗೆ ಇಳಿಯುತ್ತದೆ, ಆಮೇಲೆ ದಾರಿ ಸಿಗದೆ ಅಡ್ಡಕ್ಕೆ ತಿರುಗುತ್ತದೆ. ಅಡ್ಡಕ್ಕೆ ತಿರುಗಿದ ಬೇರಿನ ಮೇಲೂ ಗಿಡ ಹಸಿರಾಗಿಯೇ ಇರುತ್ತದೆ. ಮಳೆ ಸರಿಯಾಗಿ ಆಗುತ್ತಿರುವವರೆಗೆ.

“ರಿಪೋರ್ಟ್‌ನ್ಯಾಗ ಏನ್ ಬರೀತೀರಿ?” ಗಜಾನನ ಬೇರೆಲ್ಲೋ ನೋಡುತ್ತ ಕೇಳಿದ.

“ಇದ್ದದ್ದು ಬರೀತೇನಿ.”

“ತೃಪ್ತಿಕರ ಅಂತ ಬರದ್ರ ಸಾಕ್ರಿ.”

ಅವಳು ಆಗರನ್ನು ಎಳೆದು ತೆಗೆದಳು. ತುದಿಗೆ ಹತ್ತಿದ ಮಣ್ಣನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ತೃಪ್ತಿಕರ ಎಂದು ಬರೆದರೂ ಅದು ಪೂರ್ತಿ ಸುಳ್ಳಾಗುತ್ತಿರಲಿಲ್ಲ. ಅದೇ ಅವಳಿಗೆ ಬೇಸರ ತರಿಸಿತು.

ಬೆಳಿಗ್ಗೆ ಬೆಳಗಾವಿಯ ಮನೆಯಲ್ಲೂ ಎಲ್ಲ ಸರಿ ಇತ್ತು. ಅತ್ತೆ ಕಾಂತಾ ಅವಳಿಗಾಗಿ ಬೇಗ ಎದ್ದು ಅವಲಕ್ಕಿ ಒಗ್ಗರಣೆ ಹಾಕಿದ್ದರು. ಗಂಡ ಸಂಯಮ ಜೀಪು ಬಂತೇ ಎಂದು ಎರಡು ಸಲ ಕಿಟಕಿಯಿಂದ ಇಣುಕಿ ನೋಡಿದ್ದ. ರವಿವಾರ ಪೇಟೆಯ ಅವನ ಅಂಗಡಿಗೆ ಇವತ್ತು ಬಿಡುವು. ಅವನ ಮೊದಲ ಹೆಂಡತಿ ಅನುರಾಧಾ ತೀರಿಕೊಂಡ ದಿನ. ಕೋಟೆಯ ಬಸದಿಯಲ್ಲಿ ಅವಳ ಹೆಸರಲ್ಲಿ ಅಭಿಷೇಕ ಮಾಡಿಸುವುದಿತ್ತು.

“ನೀ ಏನ್ ರಜಾ ಹಾಕಬ್ಯಾಡ. ನಿನಗ ಕೆಲಸ ಇರತೈತಿ,” ಎಂದು ಸಂಯಮ ಹಿಂದಿನ ದಿನವೇ ಹೇಳಿದ್ದ.

“ಇಲ್ಲ, ಹಾಕಬೌದಿತ್ತು.”

“ಬ್ಯಾಡ. ಸುಮ್ಮನ ನಿನಗ ತ್ರಾಸ.”

“ಪರವಾಗಿಲ್ಲ,” ಎಂದಿದ್ದಳು. ಹೋಗುವುದು ಪರವಾಗಿಲ್ಲವೋ, ಹೋಗದಿರುವುದು ಪರವಾಗಿಲ್ಲವೋ, ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅನುರಾಧಾಳ ಮಗಳು ಐಶ್ವರ್ಯಾ ಪಿಯುಸಿ ಓದುತ್ತಿದ್ದಳು. ಒಂದು ದಿನವೂ ಎದುರು ಮಾತಾಡಿದವಳಲ್ಲ. ಆದರೆ ಪ್ರಾಚಿ ಈ ಮನೆಗೆ ಬಂದಂದಿನಿಂದ ಐಶ್ವರ್ಯಾ ಅವಳನ್ನು ಏನೆಂದೂ ಕರೆದಿರಲಿಲ್ಲ. ಅಮ್ಮ ಎನ್ನಲಿಲ್ಲ, ಆಂಟಿ ಎನ್ನಲಿಲ್ಲ, ಹೆಸರೂ ಹಿಡಿಯಲಿಲ್ಲ. ಕರೆಯಬೇಕಾಗಿ ಬಂದಾಗ ಮಾತನ್ನೇ ಬೇರೆ ಥರ ಕಟ್ಟುತ್ತಿದ್ದಳು. “ಡಬ್ಬಿ ಯಾರರ ಕಟ್ಟ್ಯಾರೇನು?” “ಬಾಗಲಾ ಹಾಕೋರು ಯಾರು?” ಆ ಜಾಣತನವನ್ನು ಪ್ರಾಚಿ ಮೊದಮೊದಲು ಮೆಚ್ಚಿಕೊಂಡಿದ್ದಳು. ಒಂದು ಶಬ್ದವನ್ನು ತಪ್ಪಿಸುವುದಕ್ಕೆ ದಿನವೂ ಇಷ್ಟು ಕಷ್ಟಪಡುವವರು ಬೇರಾರಿದ್ದಾರು? ಈಗೀಗ ಅವಳೂ ಆ ‘ಯಾರರ’ ಎಂಬ ಶಬ್ದಕ್ಕೆ ತಿರುಗಿ ನೋಡುವುದನ್ನು ಕಲಿತಿದ್ದಳು.

ಹೊಲದ ಅಂಚಿನಲ್ಲಿ ಜೀಪಿನ ಡ್ರೈವರ್ ಲಕ್ಷ್ಮಣ ಯಾರೊಂದಿಗೋ ಮಾತಾಡುವುದು ಕೇಳಿಸಿತು. ಪ್ರಾಚಿ ತಲೆಯೆತ್ತಿದಳು. ರುಮಾಲು ಸುತ್ತಿದ ಎತ್ತರದ ಮುದುಕ. ಅವನ ಹಿಂದೆ, ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದ ಮುದುಕಿ.

“ಸತ್ಯಪ್ಪ ಬಂದ. ಹೊಲದ ಮಾಲಕ,” ಎಂದ ಗಜಾನನ. “ನಾನ ಕರಿಸೇನ್ರಿ. ಒಂದ್ಸಲ ಕಣ್ಣಿಲೆ ನೋಡ್ಲಿ ಅಂತ. ಒಪ್ಪಸೂ ಮುಂದ ಮತ್ತ ತಕರಾರ ಬ್ಯಾಡ.”

ಸತ್ಯಪ್ಪ ಬದು ದಾಟಿ ಹೊಲಕ್ಕೆ ಇಳಿದ. ತನ್ನ ಹೊಲಕ್ಕೆ ಬಂದವನಂತೆ ಅಲ್ಲ, ಬೀಗರ ಮನೆಯೊಳಗೆ ಬಂದವನಂತೆ ಅತ್ತಿತ್ತ ನೋಡುತ್ತ, ನಗುತ್ತ. ಕೊಯ್ಲಾದ ಗೋವಿನಜೋಳದ ಕೂಳೆಗಳ ನಡುವೆ ಕೆಂಪು ಮಣ್ಣು ಸಮತಟ್ಟಾಗಿ ಹರಡಿತ್ತು.

“ಏನ್ ಹೊಲಾ ಮಾಡೀರಿ ಸಾಹೇಬ್ರ! ನಮ್ಮ ಹೊಲಾ ಹಿಂಗ ಇರಲೇ ಇಲ್ಲ. ಅರ್ಧಾ ಇಳಿಜಾರ, ಅರ್ಧಾ ಕಲ್ಲ.”

“ಈಗ ಟ್ರ್ಯಾಕ್ಟರ್ ಓಡಿಸಬೌದು,” ಎಂದ ಗಜಾನನ.

“ಕಬ್ಬ ಹಚ್ಚಬೌದೇನ್ರಿ ಬಾಯಾರ?” ಸತ್ಯಪ್ಪ ಪ್ರಾಚಿಯತ್ತ ತಿರುಗಿದ. “ಕುರಿ ಮಾರಿಬಿಟ್ವಿ. ಹುಡುಗ ಬೆಳಗಾವ್ಯಾಗ ಫೌಂಡ್ರಿಗಿ ಹೋಗತಾನ. ಈ ಭೂಮಿ ಕೈಗೆ ಬಂದ್ರ ನಾವೂ ಮತ್ತ ಮನಷ್ಯಾರಾಗತೇವಿ.”

ಕಬ್ಬಿನ ಬೇರಿಗೆ ಆಳ ಬೇಕು. ನೀರು ನಿಂತರೆ ಕೊಳೆಯುತ್ತದೆ. ಪ್ರಾಚಿ ಗಜಾನನನ ಮುಖ ನೋಡಿದಳು. ಅವನು ಛತ್ರಿಯ ಕಡ್ಡಿಯೊಂದನ್ನು ಸರಿಪಡಿಸುತ್ತಿದ್ದ.

“ಮೊದಲ ಜೋಳಾ ಹಾಕ್ರಿ. ಆಮ್ಯಾಲೆ ನೋಡೂಣು,” ಎಂದಳು.

“ಆತ್ರಿ, ಆತ್ರಿ.” ಕಬ್ಬು ಹಚ್ಚಿರಿ ಎಂದೇ ಅವಳು ಹೇಳಿದಳೆನ್ನುವ ಹಾಗೆ ಸತ್ಯಪ್ಪ ಸಂತೋಷಪಟ್ಟ. ಗಜಾನನ ಅವನ ಹೆಗಲ ಮೇಲೆ ಕೈಯಿಟ್ಟು ಹೊಲದ ಆ ತುದಿಗೆ ಕರೆದುಕೊಂಡು ಹೋದ. ಬೋರು ಎಲ್ಲಿ ಹಾಕಬಹುದು ಎಂದು ಇಬ್ಬರೂ ಕೈ ಮಾಡಿ ತೋರಿಸಿಕೊಳ್ಳತೊಡಗಿದರು.

ಪ್ರಾಚಿಯ ಫೋನು ನಡುಗಿತು. ಸಂಯಮ.

“ಮುಟ್ಟಿದಿ?”

“ಹೂಂ. ಯಾವಾಗೋ ಬಂದೆ.”

“ಇಲ್ಲೆ ಎಲ್ಲಾ ಛೊಲೋ ಆತು. ಬಸದ್ಯಾಗ ಗದ್ದಲ ಇರಲಿಲ್ಲ.”

“ಛೊಲೋ ಆತು.”

“ನೀ ಊಟಾ ಮಾಡು ಮತ್ತ.”

“ಮಾಡತೇನಿ.”

ಇಬ್ಬರೂ ಫೋನು ಇನ್ನೂ ಇಟ್ಟಿರಲಿಲ್ಲ. ಆ ಬದಿಯಲ್ಲಿ ಐಶ್ವರ್ಯಾಳ ದನಿ, ಅತ್ತು ಸ್ವಲ್ಪ ಕಟ್ಟಿದ್ದು: “ಪಪ್ಪಾ, ಯಾರದ ಫೋನ್?” ಸಂಯಮ ಬಾಯಿ ಫೋನಿನಿಂದ ಆಚೆ ಮಾಡಿ ಹೇಳಿದ: “ಯಾರಿಲ್ಲ ತಗೋ. ಪ್ರಾಚಿ.”

ಅದರಲ್ಲಿ ಕೊಂಕೇನೂ ಇರಲಿಲ್ಲ. ಹಾಗೆಯೇ ಹೇಳುತ್ತಾರೆ, ಎಲ್ಲರೂ. ಅವಳು ಫೋನು ಇಟ್ಟಳು. ಸತ್ತು ಏಳು ವರ್ಷವಾದವಳಿಗೆ ಒಂದು ದಿನವಿದೆ, ಒಂದು ಬಸದಿಯಿದೆ, ಹೆಸರು ಹಿಡಿದು ಅಳುವ ಒಂದು ಗಂಟಲಿದೆ. ಹೊಟ್ಟೆಕಿಚ್ಚೇ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಕಿಚ್ಚು ಎನ್ನುವಷ್ಟು ಬಿಸಿಯೂ ಅದರಲ್ಲಿರಲಿಲ್ಲ.

ಮುದುಕಿ ಆಗಲೇ ಹೊಲಕ್ಕೆ ಇಳಿದು ಬಹಳ ಹೊತ್ತಾಗಿತ್ತು. ನಾಲ್ಕು ಹೆಜ್ಜೆ ಇಡುವಳು, ನಿಲ್ಲುವಳು, ದೂರದ ಗುಡ್ಡವನ್ನು ನೋಡುವಳು, ಮತ್ತೆ ಬೇರೆ ಕಡೆಗೆ ನಾಲ್ಕು ಹೆಜ್ಜೆ. ಕೈಗೆ ಸಿಗದ ಅಳತೆಯೊಂದನ್ನು ಕಣ್ಣಿನಲ್ಲೇ ಹಿಡಿಯಲು ನೋಡುತ್ತಿರುವಂತಿತ್ತು. ಕೊನೆಗೆ ಪ್ರಾಚಿಯ ಹತ್ತಿರ ಬಂದಳು.

“ಬಾಯಾರ, ಒಂದ ಮಾತ ಕೇಳಲೇನ್ರಿ?”

“ಕೇಳ್ರಿ ಆಯಿ.”

“ನಾ ಭರಮವ್ವ. ಅವರ ಮನಿಯಾಕಿ.” ಗಂಡ ನಿಂತ ಕಡೆಗೆ ಗದ್ದ ಎತ್ತಿ ತೋರಿಸಿದಳು. “ಇಲ್ಲೊಂದ ಮತ್ತೀ ಮರ ಇತ್ರಿ. ಎಲ್ಲಿತ್ತು ಅಂತ ತಿಳೀವಲ್ದು. ಮೊದಲಿನ ಬದು ಇಲ್ಲ, ಬಂಡಿ ದಾರಿ ಇಲ್ಲ. ಎಲ್ಲಾ ಒಂದ ಸಮಾ ಮಾಡ್ಯಾರ.”

“ಮರ ಮೊದಲ ಕಡದಿರತಾರ ಆಯಿ. ಖಣಿ ಮಾಡೂ ಮುಂದ.”

“ಮರ ಹೋದ್ರ ಹೋಗ್ಲಿರಿ. ಅದರ ಬುಡಕ ನಮ್ಮ ಕೂಸಿತ್ತು.”

ಪ್ರಾಚಿಗೆ ತಟ್ಟನೆ ಅರ್ಥವಾಗಲಿಲ್ಲ. ಮರದ ನೆರಳಿನಲ್ಲಿ ತೊಟ್ಟಿಲು ಕಟ್ಟಿ ಮಲಗಿಸಿದ ಕೂಸೊಂದು ಕಣ್ಣ ಮುಂದೆ ಬಂತು.

“ಮಾಯಕ್ಕ ಅಂತ. ಮದಲನೇದು. ಆಗಷ್ಟ ನಡದಾಡತಿತ್ತು. ಜ್ವರಾ ಬಂತು, ಎಲ್ಡ ದಿನದಾಗ ಹೋತು. ಸಣ್ಣ ಕೂಸನ್ನ ಊರ ಮಸಣದಾಗ ಯಾಕ ಇಡೂದು, ನಮ್ಮ ಹೊಲದಾಗ ನಮ್ಮ ಕಣ್ಣ ಮುಂದ ಇರಲಿ ಅಂದ್ರು ನಮ್ಮತ್ತಿ. ಅಮಾಸಿಗೊಮ್ಮೆ ಬಂದ ಒಂದೀಟ ಹಾಲ ಹೊಯ್ದ ಹೋಗತಿದ್ನಿ. ಖಣಿ ಆದಮ್ಯಾಲೆ ಬೇಲಿ ಹಾಕಿದ್ರು. ಒಳಗ ಬಿಡಲಿಲ್ಲ.”

“ಮೊದಲ ಹೇಳಬೇಕಿತ್ತಲ್ಲ ಆಯಿ.”

“ಇವರು ಹೇಳತೇನಿ ಅಂದ್ರು. ಹೇಳಲಿಲ್ಲ. ಮಂದಿ ನಗತಾರ ಅಂತ.” ಅವಳು ಗಂಡನ ಮೇಲೆ ದೂರು ಹೇಳುತ್ತಿರಲಿಲ್ಲ, ನಡೆದದ್ದನ್ನು ಹೇಳುತ್ತಿದ್ದಳು. “ನೀವು ಮಣ್ಣಿನ ವಿದ್ಯಾ ಕಲತಾವ್ರು ಅಂತಾರ. ಮಣ್ಣ ನೋಡಿ ಯಾವದು ಎಲ್ಲೀದು ಹೇಳತೀರಂತ. ಆ ಮರದ ಬುಡದ ಮಣ್ಣ ಈಗ ಎಲ್ಲಿ ಹಾಕ್ಯಾರ, ಅಷ್ಟ ತೋರಸ್ರಿ. ಒಂದ ಕಲ್ಲ ನಿಲ್ಲಸತೇನಿ. ಇವರು ಕಬ್ಬ ಹಚ್ಚೂಣು ಅಂತಾರ. ಹಚ್ಚಲಿ. ಅಷ್ಟ ಜಾಗಾ ಬಿಟ್ಟ ಹಚ್ಚಲಿ.”

ಗಜಾನನ ಅಷ್ಟರಲ್ಲಿ ಹಿಂತಿರುಗಿ ಬಂದಿದ್ದ. ಕೊನೆಯ ಮಾತು ಅವನ ಕಿವಿಗೂ ಬಿದ್ದಿತ್ತು. ಪ್ರಾಚಿಯ ಬದಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಯಾವದರ ಒಂದ ಜಾಗಾ ತೋರಿಸಿಬಿಡ್ರಿ ಮ್ಯಾಡಮ್. ಮುದುಕಿಗೆ ಸಮಾಧಾನ. ನಿಮ್ಮದೇನ್ ಹೋಗತೈತಿ?”

ಏನೂ ಹೋಗುವುದಿಲ್ಲ. ಬಡಗಣ ಮೂಲೆಯಲ್ಲಿ ಮಣ್ಣಿನ ಬಣ್ಣ ಕೊಂಚ ತಿಳಿಯಾಗಿತ್ತು. ಅಲ್ಲಿಂದ ಗುಡ್ಡವೂ ಕಾಣುತ್ತಿತ್ತು. ತೋರಿಸಲು ಒಳ್ಳೆಯ ಜಾಗ. ಮುದುಕಿ ಕಲ್ಲು ನಿಲ್ಲಿಸುತ್ತಾಳೆ, ಅರಿಸಿನ ಹಚ್ಚುತ್ತಾಳೆ, ಹಾಲು ಹೊಯ್ಯುತ್ತಾಳೆ. ಹಾಲಿಗೆ ಯಾವ ಮಣ್ಣಾದರೇನು? ಪ್ರಾಚಿಯ ಬಲಗೈ ತಾನಾಗಿಯೇ ಅರ್ಧದವರೆಗೆ ಎದ್ದಿತು.

ಭರಮವ್ವ ಆ ಕೈಯನ್ನೇ ನೋಡುತ್ತಿದ್ದಳು. ಬೆರಳು ಯಾವ ಕಡೆ ತಿರುಗುವುದೋ ಆ ಕಡೆ ಓಡಲು ತಯಾರಾದವಳಂತೆ.

ಕೈ ಮತ್ತೆ ಇಳಿಯಿತು. ಧೈರ್ಯವಲ್ಲ ಅದು, ಸತ್ಯನಿಷ್ಠೆಯಂತೂ ಅಲ್ಲವೇ ಅಲ್ಲ. ಬೆಳಗಿನಿಂದ ಪರವಾಗಿಲ್ಲ, ಇರಬೌದು, ಛೊಲೋ ಆತು ಎನ್ನುತ್ತ ಬಂದ ಬಾಯಿ ದಣಿದಿತ್ತು. ಅಂಥ ಇನ್ನೊಂದು ಮಾತನ್ನು ಹೊರುವ ತ್ರಾಣ ಅದಕ್ಕಿರಲಿಲ್ಲ, ಅಷ್ಟೇ.

“ಹಂಗ ತೋರಸಾಕ ಬರೂದಿಲ್ಲ ಆಯಿ,” ಎಂದಳು.

“ಯಾಕ್ರಿ?”

“ನಿಮ್ಮ ಹೊಲದ ಮಣ್ಣು, ಆ ಬಾಜೂ ಹೊಲದವರ ಮಣ್ಣು, ಎಲ್ಲಾ ಒಂದ ರಾಶಿ ಮಾಡಿದ್ರು. ಮನಿಕಿಂತ ಎತ್ತರ ಇತ್ತು. ಎಲ್ಡ ಮಳಿಗಾಲ ಹಂಗ ಇತ್ತು. ಆಮ್ಯಾಲೆ ಮಶೀನ್‌ಲೆ ಎಲ್ಲಾ ಕಲಸಿ ಹಾಸ್ಯಾರ. ಕಲಸಿದ್ರನ ಸತ್ವ ಎಲ್ಲಾ ಕಡೆ ಒಂದ ಸಮಾ ಬರತೈತಿ.” ಕಲಸಬೇಕೆಂದು ಹೇಳಿದವಳೂ ತಾನೇ. ಅದನ್ನು ಅವಳು ಹೇಳಲಿಲ್ಲ. ಯಾರೂ ಕೇಳಿರಲೂ ಇಲ್ಲ.

“ಹಂಗಾರ ಕೂಸು?”

“ಒಂದ ಜಾಗಾದಾಗ ಇಲ್ಲ.”

“ಇಲ್ಲೇನ್ರಿ?”

“ಐತಿ.” ಪ್ರಾಚಿ ಸುತ್ತ ಹೊಲವನ್ನು ನೋಡಿದಳು. “ಎಲ್ಲಾ ಕಡೆ ಐತಿ.”

ಭರಮವ್ವ ಅಳುತ್ತಾಳೆಂದು ಪ್ರಾಚಿ ಕಾದಳು. ಬಯ್ಯುತ್ತಾಳೆಂದೂ ಕಾದಳು. ಮುದುಕಿ ಎರಡನ್ನೂ ಮಾಡದೆ ಮೆಲ್ಲಗೆ ತಲೆ ತಗ್ಗಿಸಿ ತನ್ನ ಕಾಲುಗಳನ್ನು ನೋಡಿಕೊಂಡಳು. ಎಡಗಾಲಿನ ಚಪ್ಪಲಿ ಕಳಚಿದಳು. ಬಲಗಾಲಿನದನ್ನೂ ಕಳಚಿದಳು. ಬಗ್ಗಿ ಎರಡನ್ನೂ ಎತ್ತಿಕೊಂಡು, ಮಣ್ಣು ಉದುರಿ ಆಚೆ ಬೀಳದಂತೆ, ಎದೆಗೆ ಅವಚಿಕೊಂಡಳು.

“ತಪ್ಪಾತವ್ವಾ,” ಎಂದಳು. ಪ್ರಾಚಿಗಲ್ಲ.

ಆಮೇಲೆ ಹಿಂದಕ್ಕೆ ನಡೆಯತೊಡಗಿದಳು. ಬರುವಾಗ ಮೂಡಿದ್ದ ತನ್ನದೇ ಹೆಜ್ಜೆಗಳನ್ನು ಹುಡುಕಿ, ಒಂದೊಂದರಲ್ಲೇ ಪಾದವಿಟ್ಟು, ಎಲ್ಲೂ ಹೊಸದಾಗಿ ತುಳಿಯದೆ. ಅವಳು ಸುತ್ತಾಡಿದ್ದು ಬಹಳ. ಆದ್ದರಿಂದ ಹೋಗುವುದೂ ಹಾಗೇ ಸುತ್ತಿ ಸುತ್ತಿ ಹೋಗಬೇಕಾಯಿತು. ಬದುವಿನ ಮೇಲೆ ಹತ್ತಿದ ಮೇಲೆಯೇ ಅವಳು ಉಸಿರು ಬಿಟ್ಟಂತೆ ಕಂಡಿತು.

“ಏನಾತ ಅದಕ?” ಸತ್ಯಪ್ಪ ದೂರದಿಂದಲೇ ಕೂಗಿದ.

“ನೀವೂ ಹೊರಗ ಬರ್ರಿ,” ಎಂದಳು ಭರಮವ್ವ.

“ಯಾಕ?”

“ಬರ್ರಿ ಅಂದೆ. ತುಳೀಬ್ಯಾಡ್ರಿ ಅದನ್ನ.”

ಸತ್ಯಪ್ಪ ನಕ್ಕ. ನಗುತ್ತಲೇ ಪ್ರಾಚಿಯ ಹತ್ತಿರ ಬಂದು ಕೇಳಿದ. ಅವಳು ಹೇಳಿದಳು, ಮತ್ತೊಮ್ಮೆ, ಮೊದಲಿನಷ್ಟೇ ಶಬ್ದಗಳಲ್ಲಿ. ನಗು ಅವನ ಮುಖದ ಮೇಲೆಯೇ ಉಳಿಯಿತು, ಇಳಿಸಿಕೊಳ್ಳಲು ಮರೆತವನಂತೆ.

“ಹುಚ್ಚ ಐತ್ರಿ ಅದಕ,” ಎಂದ. “ಮಣ್ಣಾಗಿ ಎಷ್ಟೋ ವರ್ಷ ಆತು. ನಾಕ ದಿನ ಹಿಂಗ ಮಾಡತಾಳ. ಆಮ್ಯಾಲೆ ಸುದ್ದ ಆಗತಾಳ.” ಹೆಂಡತಿಯತ್ತ ನೋಡಿದ. ಅವಳು ಚಪ್ಪಲಿಗಳನ್ನು ಅವಚಿಕೊಂಡು ನಿಂತೇ ಇದ್ದಳು. “ಸಮಾಧಾನ ಹೇಳಿ ಬರತೇನ್ರಿ,” ಎಂದು ಬದುವಿನ ಕಡೆ ನಡೆದ. ಮೊದಲು ಸಾಧಾರಣವಾಗಿ, ನಡುವೆ ಎಲ್ಲೋ ಹೆಜ್ಜೆ ಹಗುರ ಮಾಡಿ, ಕಡೆಯ ನಾಲ್ಕು ಮಾರು ತುದಿಗಾಲಿನಲ್ಲಿ.

ಬದುವಿನ ಮೇಲೆ ಗಂಡ ಹೆಂಡತಿ ಏನು ಮಾತಾಡಿಕೊಂಡರೋ ಕೇಳಿಸಲಿಲ್ಲ. ಸತ್ಯಪ್ಪ ಕೈ ಎತ್ತಿ ಎತ್ತಿ ಹೇಳುತ್ತಿದ್ದ. ಭರಮವ್ವ ತಲೆ ಅಲ್ಲಾಡಿಸುತ್ತಿದ್ದಳು. ಆಮೇಲೆ ಅವನ ಕೈಗಳು ಏಳುವುದು ನಿಂತಿತು. ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಹೊಲಕ್ಕೆ ಬೆನ್ನು ಮಾಡಿ ಹೆಂಡತಿಯ ಬದಿಗೆ ಕುಕ್ಕರುಗಾಲಿನಲ್ಲಿ ಕೂತ.

“ಏನ್ ಮಾಡಿದ್ರಿ ಮ್ಯಾಡಮ್ ಇದು?” ಎಂದ ಗಜಾನನ.

“ಖರೇ ಹೇಳಿದೆ.”

“ಖರೇ ಹೇಳಾಕ ಬ್ಯಾರೆ ದಿನಾ ಸಿಗಲಿಲ್ಲೇನ್ರಿ? ಇನ್ನ ಅಕಿ ಇದನ್ನ ತಗೊಳ್ಳತಾಳ? ರಂಟಿ ನೇಗಲಾ ಹೊಡೀಗೊಡತಾಳ?”

ಪ್ರಾಚಿ ಮಣ್ಣಿನ ಚೀಲವನ್ನು ಎತ್ತಿಕೊಂಡಳು. ಮೇಲ್ಮಣ್ಣಿನ ಸತ್ವ, ತೇವ, ಹುಳಿ, ತೆನೆಯ ತೂಕ, ಎಲ್ಲ ತೃಪ್ತಿಕರ. ಬದುವಿನಾಚೆ ಯಾರೂ ಮುಟ್ಟದ ಹೊಲಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಹಾಗೆಂದು ಇವತ್ತು ಸಂಜೆಯೇ ಬರೆದುಕೊಡಬಹುದು. ತಕ್ಕೊಳ್ಳುವವರು ಮಾತ್ರ ಒಳಗೆ ಕಾಲಿಡುವುದಿಲ್ಲ.

“ಇಲ್ಲೆ ನೆಟವರ್ಕ ಸಿಗವಲ್ದು,” ಎಂದು ಗಜಾನನ ಫೋನು ಮೇಲೆತ್ತಿ ಹಿಡಿದು ನಡೆದ. ಬೆಳಗಿನಿಂದ ಇಲ್ಲೇ ನಿಂತು ಫೋನಿನಲ್ಲಿ ಮಾತಾಡಿದವನು. ಹೋಗುವಾಗ ಅವನೂ ಕೆಳಗೆ ನೋಡಿಕೊಂಡು ಹೋದ. ಬದು ಹತ್ತಿದ ಮೇಲೆ ಬೂಟನ್ನು ಹುಲ್ಲಿಗೆ ಒರೆಸಲು ಕಾಲೆತ್ತಿದ. ಏಕೋ ಒರೆಸದೆ ಹಾಗೇ ಕೆಳಗಿಟ್ಟ.

ಈಗ ಹೊಲದಲ್ಲಿ ಅವಳೊಬ್ಬಳೇ. ಸುತ್ತ ನಾಲ್ಕೂ ದಿಕ್ಕಿಗೆ ಸಮತಟ್ಟಾದ ಕೆಂಪು ಮಣ್ಣು, ಎಲ್ಲ ಕಡೆಯೂ ಒಂದೇ ಬಣ್ಣ, ಒಂದೇ ಹದ. ಅದರ ಮೇಲೆ ಅವಳ ಬೂಟಿನ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು. ಯಾವುದು ಬಂದ ದಾರಿ, ಯಾವುದು ಹೋದ ದಾರಿ ಹೇಳುವಂತಿರಲಿಲ್ಲ. ಸತ್ತ ಕೂಸು ಮಣ್ಣಾಗುತ್ತದೆ, ಸುಣ್ಣವಾಗುತ್ತದೆ, ರಂಜಕವಾಗುತ್ತದೆ. ಅಷ್ಟು ದೊಡ್ಡ ರಾಶಿಯಲ್ಲಿ ಅದರ ಪಾಲು ಲೆಕ್ಕಕ್ಕೆ ಸಿಗುವಂಥದ್ದಲ್ಲ. ಇದು ಅವಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಇಷ್ಟು ಚೆನ್ನಾಗಿ ಗೊತ್ತಿರಲಿಲ್ಲ.

“ಮ್ಯಾಡಮ್, ಹೋಗೂಣ್ರಿ?” ಲಕ್ಷ್ಮಣ ಜೀಪಿನ ಬಳಿಯಿಂದ ಕೂಗಿದ. “ಊಟದ ಹೊತ್ತಾತ್ರಿ.”

“ಬಂದೆ,” ಎಂದಳು.

ಬದುವಿನ ಮೇಲೆ ಎಲ್ಲರೂ ಅವಳ ಕಡೆ ತಿರುಗಿದ್ದರು. ಕರೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಅವಳು ಎಲ್ಲಿ ಕಾಲಿಡುತ್ತಾಳೆಂದು ಮಾತ್ರ ನೋಡುತ್ತಿದ್ದರು.

ಅವಳು ಬಲಗಾಲು ಎತ್ತಿದಳು. ಮುಂದೆ ಇಡಲು ಜಾಗ ನೋಡಿದಳು. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಎಡಗಾಲು ಮೆತ್ತನೆಯ ಮಣ್ಣಿನಲ್ಲಿ ಇಷ್ಟಿಷ್ಟೇ ಹೂತುಹೋಗುತ್ತಿತ್ತು. ಎತ್ತಿದ ಕಾಲು ಬಿಸಿಲಿನಲ್ಲಿ ಹಾಗೇ ನಿಂತಿತ್ತು.